ಶ್ರೀನಿವಾಸಪುರದ ಉಪ್ಪಿನಕಾಯಿ ಕಠ್ಮಂಡು ಮುಟ್ಟುವ ದಾರಿ

ನೇಪಾಳಕ್ಕೆ ಸಮುದ್ರವಿಲ್ಲ. ದೂರದೇಶದ ಸೋಯಾ ಸಾಸ್ ಅಲ್ಲಿಗೆ ಹೋಗಬೇಕಾದರೆ ಸಾಮಾನ್ಯವಾಗಿ ಕೋಲ್ಕತ್ತದಲ್ಲಿ ಹಡಗಿನಿಂದಿಳಿದು, ರೈಲಿನಲ್ಲೋ ಲಾರಿಯಲ್ಲೋ ಬಿಹಾರ ದಾಟಿ ನೇಪಾಳದ ಗಡಿಪಟ್ಟಣ ಬೀರಗಂಜ್ ಸೇರಬೇಕು. ನಮ್ಮ ಮಾವಿನ ಉಪ್ಪಿನಕಾಯಿಗೆ ಬಂದರಿನ ಕಾಯುವಿಕೆ ಇಲ್ಲ. ಬಿಹಾರದ ರಕ್ಸೌಲ್‌ನಲ್ಲಿ ಗಡಿ ದಾಟಿದರೆ ಅದೇ ಬೀರಗಂಜ್. ಆದರೂ ಶ್ರೀನಿವಾಸಪುರದಿಂದ ರಕ್ಸೌಲ್‌ಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು, ಅದರಾಚೆ ಬೆಟ್ಟದ ರಸ್ತೆ. ಈ ವ್ಯಾಪಾರದಲ್ಲಿ ರುಚಿ ಮತ್ತು ಬೆಲೆಗಿಂತ ಮೊದಲು ನಾನು ನೋಡುವುದು ಒಂದನ್ನೇ: ಬಾಟಲಿ ಅಂಗಡಿ ಸೇರುವ ಹೊತ್ತಿಗೆ ಅದರ ಬಾಳಿಕೆಯಲ್ಲಿ ಎಷ್ಟು ತಿಂಗಳು ಉಳಿದಿರುತ್ತದೆ?

ಇದನ್ನು ನನ್ನ ತಲೆಗೆ ಹಾಕಿದವನು ಕಠ್ಮಂಡುವಿನಲ್ಲಿ ನನ್ನ ಸರಕು ತರಿಸಿಕೊಳ್ಳುವ ಹುಡುಗ. ಕೋಲಾರದ ಹೋಟೆಲೊಂದರಲ್ಲಿ ವರ್ಷಗಟ್ಟಲೆ ಅಡುಗೆ ಕೆಲಸ ಮಾಡಿ, ಕನ್ನಡ ಚೆನ್ನಾಗಿ ಕಲಿತು ಊರಿಗೆ ಮರಳಿದ ನೇಪಾಳಿ. "ಅಕ್ಕ, ಇಲ್ಲಿಯ ಅಂಗಡಿಯವರು ಮುಚ್ಚಳ ತೆಗೆದು ಮೂಸುವುದಿಲ್ಲ, ಮೊದಲು ದಿನಾಂಕ ಓದುತ್ತಾರೆ" ಎಂದು ಫೋನಿನಲ್ಲಿ ಹೇಳಿದ. ಅರ್ಧ ಅವಧಿ ಕಳೆದ ಮಾಲನ್ನು ದೊಡ್ಡ ಅಂಗಡಿಗಳು ಮುಟ್ಟುವುದಿಲ್ಲ. ಆಮದಿನ ಪರವಾನಗಿ, ಸುಂಕದ ಕಾಗದಗಳು ಅವನ ಪಾಲು. ರಫ್ತು ಮಾಡಲು ಬೇಕಾದ ಐಇಸಿ ಸಂಖ್ಯೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ, ಮಾಲು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ನನ್ನ ಪಾಲು. ಕಾಗದಪತ್ರದ ಕೆಲಸ ಜನ ಹೆದರುವಷ್ಟು ಕಷ್ಟವಲ್ಲ, ಹಣವನ್ನೂ ಭಾರತದ ರೂಪಾಯಿಯಲ್ಲೇ ಪಡೆಯಬಹುದು.

ದಿನಾಂಕವನ್ನು ಉಳಿಸಿಕೊಳ್ಳಲು ನಾನು ಹಿಡಿದ ದಾರಿ ಉಪ್ಪುನೀರಿನ ಡ್ರಮ್ಮು. ಮಾವಿನ ಕಾಲದಲ್ಲೇ ಎಲ್ಲವನ್ನೂ ಮಸಾಲೆ ಕಲಸಿ ಬಾಟಲಿಗೆ ತುಂಬಿಬಿಟ್ಟರೆ ಅಂದಿನಿಂದಲೇ ಬಾಳಿಕೆಯ ಲೆಕ್ಕ ಓಡತೊಡಗುತ್ತದೆ. ಅದಕ್ಕೆ ಬದಲು ಗಟ್ಟಿ ಕಾಯಿಯನ್ನು ಹೋಳು ಮಾಡಿಸಿ, ಗಾಢವಾದ ಉಪ್ಪುನೀರಿನಲ್ಲಿ ಮುಳುಗಿಸಿ ಇಡುತ್ತೇನೆ. ಹೋಳು ನೀರಿನಿಂದ ಮೇಲೆ ತೇಲದಂತೆ ಭಾರ ಹೇರಬೇಕು. ಗಾಳಿ ತಾಗಿದ ಕಡೆ ಬಿಳಿ ಪೊರೆ ಕಟ್ಟುತ್ತದೆ, ಹೋಳು ಮೆತ್ತಗಾಗುತ್ತದೆ. ಕಠ್ಮಂಡುವಿನಿಂದ ಬೇಡಿಕೆ ಬಂದ ಮೇಲಷ್ಟೇ ಹೋಳು ತೆಗೆದು, ಹೆಚ್ಚಿನ ಉಪ್ಪು ಬಿಡಿಸಿ, ನೀರು ಬಸಿದು ಖಾರ ಕಲಸುತ್ತೇವೆ. ಬಾಟಲಿಯ ಮೇಲೆ ಆ ವಾರದ ದಿನಾಂಕ ಬೀಳುತ್ತದೆ, ಲಾರಿ ಆ ವಾರವೇ ಹೊರಡುತ್ತದೆ.

ಎಣ್ಣೆಯ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ನಾವು ಮನೆಗೆ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ ಹಾಕುವವರು. ಕಠ್ಮಂಡು ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ಚಳಿಗಾಲದ ಬೆಳಗಿನಲ್ಲಿ ಅಲ್ಲಿನ ತಾಪಮಾನ ಒಂದೆರಡು ಡಿಗ್ರಿಗೆ ಇಳಿಯುತ್ತದೆ. ಆ ಚಳಿಗೆ ಕಡಲೆಕಾಯಿ ಎಣ್ಣೆ ಮಬ್ಬಾಗಿ, ತುಪ್ಪದಂತೆ ಹೆಪ್ಪುಗಟ್ಟತೊಡಗುತ್ತದೆ. ಮಾಲು ಕೆಟ್ಟಿರುವುದಿಲ್ಲ, ಆದರೆ ಕೊಳ್ಳುವವರಿಗೆ ಅದನ್ನು ಯಾರು ವಿವರಿಸಬೇಕು? ಸಾಸಿವೆ ಎಣ್ಣೆ ಆ ಚಳಿಯಲ್ಲೂ ತಿಳಿಯಾಗಿಯೇ ಇರುತ್ತದೆ. ಅನ್ನ, ಬೇಳೆ, ತರಕಾರಿಯ ಜೊತೆ ಅಚಾರ್ ಇಟ್ಟುಕೊಳ್ಳುವ ಅಲ್ಲಿನ ಊಟಕ್ಕೆ ಅದರ ಘಾಟೂ ಹೊಂದುತ್ತದೆ. ಹೊಗೆಯಾಡುವವರೆಗೆ ಕಾಯಿಸಿ, ಪೂರ್ತಿ ಆರಿಸಿ ಬಳಸುತ್ತೇವೆ.

ಇನ್ನು ಬೆಲೆ. 1993ರಿಂದಲೂ ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬ ದರ ನಿಂತಿದೆ. ಅಲ್ಲಿನ ಗ್ರಾಹಕರು ಭಾರತದ ಎಂಆರ್‌ಪಿ ನೋಡಿದ ಕೂಡಲೇ 1.6ರಿಂದ ಗುಣಿಸಿಬಿಡುತ್ತಾರೆ. ಆದರೆ ಆ ಗುಣಾಕಾರದಲ್ಲಿ ಲಾರಿ ಬಾಡಿಗೆ, ಗಡಿಯ ಸುಂಕ, ಅಲ್ಲಿನ ಶೇ 13ರ ವ್ಯಾಟ್ ಇವುಗಳಿಗೆ ಜಾಗವೇ ಇಲ್ಲ. ಆದ್ದರಿಂದ ನೇಪಾಳದ ಮಾಲಿಗೆ ಬೇರೆಯದೇ ಲೇಬಲ್ ಮಾಡಿಸುತ್ತೇನೆ: ಆಮದುದಾರನ ಹೆಸರು, ವಿಳಾಸ, ನೇಪಾಳಿ ರೂಪಾಯಿಯಲ್ಲಿ ಬೆಲೆ. ಮಾಲು ಅಲ್ಲಿಗೆ ಮುಟ್ಟಿದ ಮೇಲೆ ಚೀಟಿ ಅಂಟಿಸೋಣ ಎನ್ನುವವರಿಗೆ ನನ್ನ ಸಲಹೆ, ಅಚ್ಚಿನಲ್ಲೇ ಮಾಡಿಸಿ. ಚೀಟಿ ಕಂಡರೆ ಅದರ ಕೆಳಗೇನಿದೆ ಎಂದು ಕೆರೆದು ನೋಡುವವರು ಎಲ್ಲ ಊರಿನಲ್ಲೂ ಇದ್ದಾರೆ.

ಯಾವಾಗ ಕಳುಹಿಸಬೇಕು ಎಂಬುದೇ ಅತ್ಯಂತ ಕಷ್ಟದ ಲೆಕ್ಕ. ವ್ಯಾಪಾರ ಬಿರುಸಾಗುವುದು ನಮ್ಮ ನವರಾತ್ರಿಯ ಹೊತ್ತಿನ ದಶೈಂ ಹಬ್ಬಕ್ಕೆ. ಆದರೆ ಅದರ ಹಿಂದಿನ ಮೂರು ತಿಂಗಳು ಮಳೆ. ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದರೆ ಕಠ್ಮಂಡುವಿನ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. 2024ರ ಜುಲೈನಲ್ಲಿ ಅದೇ ರಸ್ತೆಯಲ್ಲಿ ಎರಡು ಬಸ್ಸುಗಳು ಜನರ ಸಮೇತ ತ್ರಿಶೂಲಿ ನದಿಗೆ ಕೊಚ್ಚಿಹೋದವು. ಅಂಥ ರಸ್ತೆಗೆ ಮಳೆಗಾಲದಲ್ಲಿ ಚಾಲಕನನ್ನು ಕಳುಹಿಸಲು ನನಗೆ ಮನಸ್ಸಿಲ್ಲ. ಇನ್ನೊಂದು ಗಡುವೂ ಇದೆ. ನೇಪಾಳದ ಬಜೆಟ್ ಜ್ಯೇಷ್ಠ 15ರಂದು, ಅಂದರೆ ಮೇ ಕೊನೆಯಲ್ಲಿ, ಮಂಡನೆಯಾಗುತ್ತದೆ. ಸುಂಕ ಬದಲಾದರೆ ತಡವಿಲ್ಲದೆ ಜಾರಿಗೆ ಬರುತ್ತದೆ. ಈ ಎರಡು ಕಾರಣಕ್ಕೆ ಹಬ್ಬದ ಮಾಲು ಮೇ ಮೂರನೇ ವಾರದೊಳಗೆ ರಕ್ಸೌಲ್ ದಾಟುವಂತೆ ನೋಡಿಕೊಳ್ಳುತ್ತೇನೆ. ಅಂದರೆ ಅದು ಹಿಂದಿನ ವರ್ಷ ಉಪ್ಪಿಗೆ ಹಾಕಿದ ಮಾವು. ಹನ್ನೆರಡು ತಿಂಗಳ ಬಾಳಿಕೆಯಲ್ಲಿ ನಾಲ್ಕೈದು ತಿಂಗಳು ಕಠ್ಮಂಡುವಿನ ಆ ಹುಡುಗನ ಗೋದಾಮಿನಲ್ಲೇ ಕಳೆದರೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ, ಅಂಗಡಿಯವರು ಒಪ್ಪುತ್ತಾರೆ. ಹಣ ಅಷ್ಟು ಕಾಲ ಕಟ್ಟಿಬೀಳುತ್ತದೆ, ನಿಜ. ಬ್ಯಾಂಕಿನ ಬಡ್ಡಿಯನ್ನು ಮೊದಲೇ ಬೆಲೆಯಲ್ಲಿ ಸೇರಿಸುತ್ತೇನೆ.

ಈಗ ಕೋಲಾರದ ಟೊಮೆಟೊದಿಂದ ಮೋಮೊಗೆ ನೆಂಚಿಕೊಳ್ಳುವ ಚಟ್ನಿ ಮಾಡುತ್ತಿದ್ದೇನೆ. ಅದಕ್ಕೆ ಬೇಕಾದ, ನಾಲಿಗೆ ಜುಮ್ಮೆನ್ನಿಸುವ ತಿಮೂರ್ ಕಾಳನ್ನು ಆ ಹುಡುಗನೇ ಕಳುಹಿಸಿಕೊಟ್ಟಿದ್ದಾನೆ. ಟೊಮೆಟೊ ಮಾವಿನಂತೆ ಉಪ್ಪುನೀರಿನಲ್ಲಿ ಕಾಯುವ ವಸ್ತುವಲ್ಲ. ಹಾಗಾಗಿ ಬಾಳಿಕೆ ಎಷ್ಟು ತಿಂಗಳೆಂದು ತಿಳಿಯಲು ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ. ವರದಿ ಬಂದ ಮೇಲೆ ಲೇಬಲ್ ಅಚ್ಚಿಗೆ ಹೋಗುತ್ತದೆ.