ಬಾಟಲಿಗಿಂತ ಐಸ್ ದೊಡ್ಡದು: ಮನೆಯ ಕಾಕ್‌ಟೇಲ್, ನನ್ನ ಅನುಭವ

ಶೇಕರ್‌ಗೆ 60 ಮಿ.ಲೀ. ರಮ್, 25 ಮಿ.ಲೀ. ಲಿಂಬಿ ರಸ, 20 ಮಿ.ಲೀ. ಬೆಲ್ಲದ ಪಾಕ ಹಾಕಿ, ಐಸ್ ತುಂಬಿ 12 ಸೆಕೆಂಡು ಜೋರಾಗಿ ಕುಲುಕಿ ಸೋಸಿದರೆ ಗ್ಲಾಸಿಗೆ ಬರುವುದು 105 ಮಿ.ಲೀ. ಅಲ್ಲ, ಸುಮಾರು 135. ಹೆಚ್ಚಾಗಿ ಬಂದ 30 ಮಿ.ಲೀ. ಐಸ್ ಕರಗಿದ ನೀರು. ಇದನ್ನು ಕಲಬೆರಕೆ ಎಂದುಕೊಳ್ಳುವವರೇ ಬಹಳ. ಆದರೆ ಲಿಂಬಿ, ಬೆಲ್ಲಗಳ ಹಾಗೆ ಇದೂ ಒಂದು ಸಾಮಾನು. ಈ ನೀರು ಕಡಿಮೆಯಾದರೆ ಗಂಟಲು ಉರಿಯುತ್ತದೆ, ಜಾಸ್ತಿಯಾದರೆ ಶರಬತ್ತಿನ ಗ್ಲಾಸು ತೊಳೆದ ನೀರಾಗುತ್ತದೆ. ಮನೆಯಲ್ಲಿ ಮಾಡಿದ ಕಾಕ್‌ಟೇಲ್ ಹೆಚ್ಚಿನ ಸಲ ಕೆಡುವುದು ಇಲ್ಲೇ. ಜನ ಮಾತ್ರ ಬಾಟಲಿಯನ್ನು ಬೈಯುತ್ತಾರೆ.

ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ವೋಡ್ಕಾಗಳ ಲೇಬಲ್ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದಿರುತ್ತದೆ. 60 ಮಿ.ಲೀ. ಪೆಗ್‌ನಲ್ಲಿ ಶುದ್ಧ ಆಲ್ಕೊಹಾಲ್ 25 ಮಿ.ಲೀ. ದಾಟುತ್ತದೆ. ಅದು 135 ಮಿ.ಲೀ.ಯಲ್ಲಿ ಹರಡಿದಾಗ ಗ್ಲಾಸಿನ ತೀವ್ರತೆ ಶೇ. 19ರ ಆಸುಪಾಸು. ಶೇ. 5ರ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ ಇರುವುದು 32 ಮಿ.ಲೀ. ಚಿಲ್ಲರೆ. ನೋಡಲು ಅಂಗೈಯಷ್ಟೇ ಕಂಡರೂ ಇಂಥ ಎರಡು ಗ್ಲಾಸು ಒಂದೂವರೆ ಬಿಯರ್ ಬಾಟಲಿಗೆ ಸಮ. ಇಬ್ಬರೇ ಕೂರುವ ಸಂಜೆಗೆ ತಲಾ ಎರಡೆಂದು ನಾನು ಲೆಕ್ಕ ಹಿಡಿಯುವುದು ಇದರ ಮೇಲೆಯೇ.

ಮೊದಲು ಐಸ್. ಒಂದೇ ಬಾಗಿಲಿನ ಫ್ರಿಜ್‌ನ ಪುಟ್ಟ ಖಾನೆಯಲ್ಲಿ ಆಗುವ ಐಸ್ ಯಾವಾಗಲೂ ಒದ್ದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಅಡುಗೆಮನೆಗೆ ತಂದು ಇಡುವಷ್ಟರಲ್ಲೇ ಬೆವರುತ್ತದೆ. ಒದ್ದೆ ಐಸ್ ಮೇಲಿನ ನೀರು ತಂಪು ಮಾಡದೆ ಬರೀ ತೆಳು ಮಾಡುತ್ತದೆ. ಹಾಗಾಗಿ ಟ್ರೇಯಲ್ಲಿ ಕಟ್ಟಿದ ಐಸನ್ನು ಹಿಂದಿನ ದಿನವೇ ಬಿಡಿಸಿ, ಮುಚ್ಚಳವಿರುವ ಡಬ್ಬಿಗೆ ಹಾಕಿ, ಖಾನೆಯ ತೀರಾ ಹಿಂದಕ್ಕೆ ದೂಡಿ ಇಡುತ್ತೇನೆ. ಮುಚ್ಚಳ ಇಲ್ಲದಿದ್ದರೆ ಬೆಳ್ಳುಳ್ಳಿ ಚಟ್ನಿ, ಮೀನು, ಹಳೆ ಹಿಟ್ಟು ಎಲ್ಲದರ ವಾಸನೆ ಹೀರುತ್ತದೆ. ಕುಲುಕುವ ಹೊತ್ತಿಗೆ ಶೇಕರ್‌ನ ಮುಕ್ಕಾಲು ಭಾಗ ಐಸ್ ಇರಬೇಕು. ಕರಗೀತೆಂದು ಹೆದರಿ ನಾಲ್ಕೇ ತುಂಡು ಹಾಕುವವರದ್ದೇ ಹೆಚ್ಚು ನೀರಾಗುತ್ತದೆ. ಐಸ್ ಕಡಿಮೆಯಿದ್ದಷ್ಟೂ ತಂಪಾಗಲು ಅದು ಹೆಚ್ಚು ಕರಗಬೇಕು.

ಗ್ಲಾಸಿನೊಳಗೆ ಹಾಕುವ ದೊಡ್ಡ ಐಸ್ ಸ್ಫಟಿಕದಂತೆ ಇರಬೇಕೆಂದರೆ ರೊಟ್ಟಿ ಇಡುವ ಹಾಟ್ ಬಾಕ್ಸ್ ಸಾಕು. ಮುಚ್ಚಳ ತೆಗೆದು, ಮುಕ್ಕಾಲು ಭಾಗ ನೀರು ತುಂಬಿ ಫ್ರೀಜರ್‌ಗೆ ಇಡಿ. ಸುತ್ತಲಿನ ಗೋಡೆ ತಂಪನ್ನು ತಡೆಯುವುದರಿಂದ ನೀರು ಮೇಲಿನಿಂದ ಮಾತ್ರ ಹೆಪ್ಪುಗಟ್ಟುತ್ತ ಇಳಿಯುತ್ತದೆ. ಗಾಳಿ, ಉಪ್ಪಿನಂಶ ಎಲ್ಲ ತಳಕ್ಕೆ ಸರಿಯುತ್ತವೆ. ಟ್ರೇಯಲ್ಲಿ ಎಲ್ಲ ಕಡೆಯಿಂದ ಹೆಪ್ಪಾಗುವುದರಿಂದ ಅವೇ ನಡುವೆ ಸಿಕ್ಕಿ ಬೆಳ್ಳಗಾಗುತ್ತವೆ. 18 ರಿಂದ 24 ಗಂಟೆಗೆ, ತಳದಲ್ಲಿ ಇನ್ನೂ ಎರಡು ಬೆರಳು ನೀರಿರುವಾಗಲೇ ಹೊರತೆಗೆದು ಬೋರಲು ಹಾಕಿ. ಪೂರ್ತಿ ಹೆಪ್ಪಾಗಲು ಬಿಟ್ಟರೆ ತಳ ಬೆಳ್ಳಗಾಗುವುದಲ್ಲದೆ ಡಬ್ಬಿಯ ಒಳಗೋಡೆಯೇ ಬಿರಿಯಬಹುದು. ಕೂಡಲೇ ಕತ್ತರಿಸಬೇಡಿ. ಮೇಲಿನ ಬಿಳಿ ಮಂಜು ಕರಗಿ ಹೊಳಪು ಬರುವವರೆಗೆ 10–15 ನಿಮಿಷ ಕಾಯಿರಿ. ಆಮೇಲೆ ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಿಂದ ಗೆರೆ ಎಳೆದು, ಚಾಕುವನ್ನು ಗೆರೆಯಲ್ಲೇ ಇಟ್ಟು ಅದರ ಬೆನ್ನಿಗೆ ಲಟ್ಟಣಿಗೆಯಿಂದ ಎರಡು ಮೆಲ್ಲನೆ ಏಟು. ಗೆರೆ ಹಿಡಿದೇ ಸೀಳುತ್ತದೆ. ಮಂಜು ಇರುವಾಗಲೇ ಹೊಡೆದರೆ ಚೂರುಚೂರು. ಬೋರ್‌ವೆಲ್ ನೀರಾದರೆ ತಳದ ಕೆಸರುಬಿಳುಪು ದಪ್ಪವಾಗುತ್ತದೆ, ಮಲಪ್ರಭೆಯ ನಲ್ಲಿ ನೀರಿಗೆ ಅಷ್ಟಾಗುವುದಿಲ್ಲ.

ಅಳತೆಗೆ 30–60ರ ಸ್ಟೀಲ್ ಪೆಗ್ ಮೆಜರ್ ಸಾಕು, ಆದರೆ ಒಮ್ಮೆ ಪರೀಕ್ಷಿಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಅಂಚಿನವರೆಗೆ ನೀರು ಹೊಯ್ದರೆ 30 ಎಂದದ್ದು 30 ಗ್ರಾಂ ತೂಗಬೇಕು. 25ಕ್ಕೇ ತುಂಬುವವೂ ಇವೆ. 5, 10 ಮಿ.ಲೀ.ಗಳಿಗೆ ಕೆಮ್ಮಿನ ಔಷಧಿ ಬಾಟಲಿಯ ಗೆರೆಯಿರುವ ಮುಚ್ಚಳಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಶೇಕರ್ ಇಲ್ಲದಿದ್ದರೆ ತಿರುಪಿನ ಮುಚ್ಚಳದ ಸ್ಟೀಲ್ ಡಬ್ಬಿ ನಡೆಯುತ್ತದೆ. ಗಾಜಿನ ಬರಣಿ ಬೇಡ, ಐಸ್ ಬಡಿದು ಒಡೆದೀತು. ಸೋಸಲು ಚಹಾ ಜಾಲರಿ. ಸೋಡಾ ಇರುವ ಯಾವುದನ್ನೂ ಮುಚ್ಚಿ ಕುಲುಕಬಾರದು, ಮುಚ್ಚಳ ಸೂರಿಗೆ ಹಾರುತ್ತದೆ.

ಬೆಲ್ಲದ ಪಾಕಕ್ಕೆ 200 ಗ್ರಾಂ ಬೆಲ್ಲ, 200 ಮಿ.ಲೀ. ನೀರು. ಕಂದು ಬಣ್ಣದ, ಮುರಿದರೆ ತುಸು ಅಂಟುವ ಬೆಲ್ಲ ಆರಿಸಿ. ಬಿಳಿಚಿದ ಹಳದಿ ಬೆಲ್ಲಕ್ಕೆ ಬಣ್ಣ ತಿಳಿಯಾಗಲೆಂದು ರಾಸಾಯನಿಕ ಹಾಕಿರುತ್ತಾರೆ, ಅದರ ಗಂಧಕದ ವಾಸನೆ ಲಿಂಬಿಯ ಜತೆ ಎದ್ದು ಕಾಣುತ್ತದೆ. ಸಣ್ಣ ಉರಿಯಲ್ಲಿ ಕರಗಿಸಿದರೆ ಸಾಕು, ಕುದಿಸಬೇಡಿ. ಕುದಿಸಿದರೆ ನೀರು ಆರಿ ಪಾಕ ಗಟ್ಟಿಯಾಗಿ, 20 ಮಿ.ಲೀ.ಯ ಸಿಹಿ 25ರಷ್ಟಾಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿದರೆ ತಳದಲ್ಲಿ ಮರಳು, ಕಬ್ಬಿನ ನಾರು ಉಳಿಯುವುದು ಕಾಣುತ್ತದೆ. 320 ಮಿ.ಲೀ. ಹತ್ತಿರ ಬರುತ್ತದೆ, ಫ್ರಿಜ್‌ನಲ್ಲಿ ಎರಡು ವಾರ ಬಾಳುತ್ತದೆ. ಮುಚ್ಚಳ ತೆಗೆದಾಗ ಬುಸ್ಸೆಂದರೆ ಹುಳಿ ಎದ್ದಿದೆ, ಚೆಲ್ಲಿ. ಬಿಸಿ ಇರುವಾಗ ಎರಡು ಏಲಕ್ಕಿ ಜಜ್ಜಿ ಹಾಕಬಹುದು. ಹಾವೇರಿಯ ಏಲಕ್ಕಿ ಹಾರ ಕೊರಳಿಗಿರಲಿ, ಪಾಕಕ್ಕೆ ಎರಡೇ ಕಾಯಿ, ಅದೂ ಹತ್ತು ನಿಮಿಷ. ರಾತ್ರಿಯಿಡೀ ಬಿಟ್ಟರೆ ಪಾಯಸದ ಹಾಗೆ ನಾರುತ್ತದೆ. ಜಿನ್, ವೋಡ್ಕಾಗಳಿಗೆ ಇದೇ ಪ್ರಮಾಣದಲ್ಲಿ ಸಕ್ಕರೆ ಪಾಕ. ಬೆಲ್ಲ ಅವುಗಳ ಬಾಯಿ ಮುಚ್ಚಿಸುತ್ತದೆ.

ಜನತಾ ಬಜಾರಿನಲ್ಲಿ ಲಿಂಬಿಕಾಯಿ ಆರಿಸುವಾಗ ಬಣ್ಣ ನೋಡುವುದಕ್ಕಿಂತ ತೂಕ ನೋಡಿ. ತೆಳು ಸಿಪ್ಪೆಯ, ಕೈಗೆ ಭಾರ ಎನಿಸುವ ಕಾಯಿಯಲ್ಲಿ 10–15 ಮಿ.ಲೀ. ರಸ ಸಿಗುತ್ತದೆ, ಅಂದರೆ ಒಂದು ಗ್ಲಾಸಿಗೆ ಎರಡು. ಕಟ್ಟೆಯ ಮೇಲೆ ಅಂಗೈಯಿಂದ ಉರುಳಿಸಿ ಹಿಂಡಿ, ಆದರೆ ಕೊನೆಯ ಹನಿಗಾಗಿ ಸಿಪ್ಪೆ ಹಿಸುಕಬೇಡಿ. ಕಹಿ ಬರುವುದು ಅಲ್ಲಿಂದ. ಹಿಂಡಿದ ರಸ ಅದೇ ಸಂಜೆಗೆ ಮುಗಿಯಬೇಕು.

ಇನ್ನು ಮೊದಲು ಹೇಳಿದ, ರಮ್‌ಗೆ ಹುಳಿ–ಸಿಹಿ ಸೇರಿಸಿದ ಗ್ಲಾಸು, ಅಂದರೆ ರಮ್ ಸವರ್. ಕ್ಯೂಬಾದ ಡೈಕಿರಿಯಲ್ಲಿ ಬಿಳಿ ರಮ್, ಸಕ್ಕರೆ ಇರುತ್ತವೆ. ನಮ್ಮ ಕಪ್ಪು ರಮ್‌ಗೆ ಬೆಲ್ಲ ಹೊಂದುತ್ತದೆ, ಎರಡೂ ಕಬ್ಬಿನ ಮಕ್ಕಳೇ ತಾನೆ. ಗ್ಲಾಸನ್ನು ಮೊದಲೇ ಫ್ರೀಜರ್‌ಗೆ ಇಡಿ. ಶೇಕರ್‌ಗೆ ಲಿಂಬಿ, ಪಾಕ, ರಮ್ ಈ ಅನುಕ್ರಮದಲ್ಲಿ ಹಾಕಿ. ಅಳತೆ ತಪ್ಪಿದರೆ ಚೆಲ್ಲುವುದು ಅಗ್ಗದ ಸಾಮಾನು. ಐಸ್ ಕೊನೆಗೆ. ಭುಜದ ಮೇಲಿಂದ ಕುಲುಕಿದಾಗ ಮೊದಲು ಕೇಳುವ ದಪ್ಪ ಗಡಗಡ ಸದ್ದು ಹತ್ತು ಸೆಕೆಂಡಿಗೆ ಸಣ್ಣಗಾಗುತ್ತದೆ, ಸ್ಟೀಲಿನ ಹೊರಮೈ ಮಬ್ಬಾಗಿ ಬೆರಳು ಕಚ್ಚುತ್ತದೆ. ಅಲ್ಲಿಗೆ ನಿಲ್ಲಿಸಿ. ಹುಳಿ ಎನಿಸಿದರೆ ಪಾಕ 5 ಮಿ.ಲೀ. ಏರಿಸಿ, ಲಿಂಬಿ ಇಳಿಸಬೇಡಿ. ಲಿಂಬಿ ಇಳಿಸಿದರೆ ರಮ್‌ನ ಉರಿ ಮುಂದೆ ಬರುತ್ತದೆ. ಸಪ್ಪೆ ಎನಿಸಿದರೆ ಹೆಚ್ಚಿನ ಸಲ ಬೇಕಾದ್ದು ಉಪ್ಪು. 20 ಗ್ರಾಂ ಉಪ್ಪು 80 ಮಿ.ಲೀ. ನೀರಿನಲ್ಲಿ ಕರಗಿಸಿ ಡ್ರಾಪರ್ ಬಾಟಲಿಯಲ್ಲಿ ಇಟ್ಟಿರುತ್ತೇನೆ, ಗ್ಲಾಸಿಗೆ ಮೂರು ಹನಿ. ಉಪ್ಪಿನ ರುಚಿ ಗೊತ್ತಾಗಬಾರದು, ಕಹಿ ಮಾತ್ರ ಹಿಂದೆ ಸರಿಯಬೇಕು.

ಇದರ ಮೇಲೆ ಬಾರ್‌ನಲ್ಲಿ ಕಾಣುವ ಬಿಳಿ ನೊರೆ ಬೇಕೆಂದರೆ ಅವರು ಹಸಿ ಮೊಟ್ಟೆಯ ಬಿಳಿ ಹಾಕುತ್ತಾರೆ. ಮೊಟ್ಟೆ ನಡೆಯದ ಮನೆಗಳು ನಮ್ಮ ಕಡೆ ಬಹಳ. ಅಲ್ಲಿಗೆ ಕಾಬೂಲಿ ಕಡಲೆ ಬೇಯಿಸಿದ ನೀರು. ರಾತ್ರಿ ನೆನೆಸಿದ ಕಡಲೆಯನ್ನು ಉಪ್ಪು, ಅಡುಗೆ ಸೋಡಾ ಹಾಕದೆ ಕುಕ್ಕರ್‌ನಲ್ಲಿ ಬೇಯಿಸಿ, ನೀರನ್ನಷ್ಟೇ ಬೇರೆ ಕುದಿಸಿ ಇಂಗಿಸಿ. ತಣ್ಣಗಾದಾಗ ಬೆರಳಿಗೆ ಲೋಳೆಯಂತೆ ಹತ್ತಿದರೆ ಹದ. ಗ್ಲಾಸಿಗೆ 25 ಮಿ.ಲೀ. ಮೊದಲು ಐಸ್ ಇಲ್ಲದೆ 15 ಸೆಕೆಂಡು, ಆಮೇಲೆ ಐಸ್ ಹಾಕಿ 12 ಸೆಕೆಂಡು ಕುಲುಕಿ. ಐಸ್ ಇಲ್ಲದ ಸುತ್ತಿನಲ್ಲಿ ಮುಚ್ಚಳ ಒತ್ತಿ ಹಿಡಿಯಿರಿ. ತಂಪಾದಾಗ ಒಳಗಿನ ಗಾಳಿ ಕುಗ್ಗಿ ಮುಚ್ಚಳವನ್ನು ತಾನೇ ಎಳೆದು ಹಿಡಿಯುತ್ತದೆ, ಬೆಚ್ಚಗಿರುವಾಗ ಆ ಹಿಡಿತ ಇಲ್ಲ. ಅಂಗಿಗೆ ಕಡಲೆ ನೀರು ಸಿಡಿಯುವುದು ಈ ಹದಿನೈದು ಸೆಕೆಂಡಿನಲ್ಲೇ. ಹಸಿ ಕಡಲೆಯ ವಾಸನೆಗೆ ಅಂಜಬೇಕಿಲ್ಲ, ಲಿಂಬಿ ಅದನ್ನು ನುಂಗುತ್ತದೆ.

ಎರಡನೆಯದು ನಮ್ಮ ಊರಿನದೇ. ಮಳೆಗಾಲ ಮುಗಿದ ಮೇಲೆ ನವಲೂರಿನ ಪೇರಲ ಹಣ್ಣು ಹುಬ್ಬಳ್ಳಿ–ಧಾರವಾಡ ರಸ್ತೆಯ ಬುಟ್ಟಿಗಳಲ್ಲಿ ಬರುತ್ತದೆ. ಸೀಳಿ ಉಪ್ಪು ಖಾರ ಹಚ್ಚಿ ಕೊಡುತ್ತಾರಲ್ಲ, ಆ ರುಚಿಯನ್ನೇ ಗ್ಲಾಸಿಗೆ ಇಳಿಸುವುದು. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ, ಅದರಲ್ಲೂ ಡಬ್ಬಿ ಎಂಬ ಜಾತಿ. ಮೈಯೆಲ್ಲ ಸುಕ್ಕು, ಖಾರ ಕಡಿಮೆ, ಪರಿಮಳ ಜಾಸ್ತಿ. ಮೂರು ಕಾಯಿಯ ತೊಟ್ಟು ಮುರಿದು, ಸೀಳಿ, ಬೀಜದ ಜತೆ ಒಳಗಿನ ಬಿಳಿ ನಾರನ್ನೂ ತೆಗೆಯಿರಿ. ಖಾರದ ಮೂಲ ಬೀಜವಲ್ಲ, ಆ ನಾರು. ತವೆಯ ಮೇಲೆ 20 ಸೆಕೆಂಡು ಬೆಚ್ಚಗೆ ಮಾಡಿ, ಕಪ್ಪಾಗದಿರಲಿ. ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವೋಡ್ಕಾಕ್ಕೆ ಹಾಕಿ ಮುಚ್ಚಿ. ಒಂದು ಗಂಟೆಯ ನಂತರ ಅರ್ಧ ಗಂಟೆಗೊಮ್ಮೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ. ಸುಮಾರು ಮೂರು ಗಂಟೆಗೆ ಸಾಕಾಗುತ್ತದೆ, ಕೂಡಲೇ ಸೋಸಿ. ಆಲ್ಕೊಹಾಲ್ ಖಾರವನ್ನು ನೀರಿಗಿಂತ ಬಹಳ ಬೇಗ ಎಳೆಯುತ್ತದೆ. ಮರೆತು ಮಲಗಿದರೆ ಬೆಳಿಗ್ಗೆ ಅದು ಕುಡಿಯುವ ಸಾಮಾನಾಗಿರುವುದಿಲ್ಲ. ಆಗ ಸಕ್ಕರೆ ಸುರಿದು ಪ್ರಯೋಜನವಿಲ್ಲ, ಅಷ್ಟೇ ಸಾದಾ ವೋಡ್ಕಾ ಬೆರೆಸಿ ತೆಳು ಮಾಡಬೇಕು. ಬ್ಯಾಡಗಿಯ ಕಡುಗೆಂಪು ನಿರೀಕ್ಷಿಸಬೇಡಿ. ಆ ಬಣ್ಣ ಎಣ್ಣೆಗೆ ಬಿಡುವಂಥದ್ದು, ವೋಡ್ಕಾಕ್ಕೆ ಬರುವುದು ಕಿತ್ತಳೆ ಛಾಯೆ ಮಾತ್ರ.

ಹಣ್ಣಾದ ಪೇರಲ 300 ಗ್ರಾಂ ಹೆಚ್ಚಿ, 150 ಮಿ.ಲೀ. ತಣ್ಣೀರು, 10 ಮಿ.ಲೀ. ಲಿಂಬಿ ರಸದ ಜತೆ ಮಿಕ್ಸಿಯಲ್ಲಿ ಎರಡೆರಡು ಸೆಕೆಂಡು ನಾಲ್ಕೈದು ಸಲ ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಬೀಜ ಪುಡಿಯಾಗಿ ಹಲ್ಲಿಗೆ ಮರಳು. ಹಿಟ್ಟಿನ ಜರಡಿಯಲ್ಲಿ ಚಮಚದಿಂದ ಒತ್ತಿ ಸೋಸಿ, ಚಹಾ ಜಾಲರಿ ಕಟ್ಟಿಕೊಳ್ಳುತ್ತದೆ. ಒಂದು ಗ್ಲಾಸಿಗೆ ಖಾರದ ವೋಡ್ಕಾ 15, ಸಾದಾ ವೋಡ್ಕಾ 30, ಪೇರಲ ರಸ 60, ಲಿಂಬಿ 15, ಸಕ್ಕರೆ ಪಾಕ 15 ಮಿ.ಲೀ., ಉಪ್ಪಿನ ನೀರು ನಾಲ್ಕು ಹನಿ. ಹತ್ತು ಸೆಕೆಂಡು ಕುಲುಕಿ ಹೊಸ ಐಸ್ ಮೇಲೆ ಸುರಿಯಿರಿ. ಗ್ಲಾಸಿನ ಅಂಚಿಗೆ ಉಪ್ಪು ಖಾರ ಹಚ್ಚುವುದಾದರೆ ಅರ್ಧ ಸುತ್ತಿಗೆ ಮಾತ್ರ, ಬೇಡವಾದವರಿಗೆ ಆಚೆ ಕಡೆ ಇರಲಿ. ಕುಡಿಯದವರಿಗೂ ಇದು ಒಪ್ಪುತ್ತದೆ. ವೋಡ್ಕಾ ಬಿಟ್ಟು ಲಿಂಬಿ 5 ಮಿ.ಲೀ. ಹೆಚ್ಚಿಸಿ, ಕುಲುಕಿದ ಮೇಲೆ 45 ಮಿ.ಲೀ. ಸೋಡಾ ಹೊಯ್ದು ಅದೇ ಗ್ಲಾಸಿನಲ್ಲಿ ಕೊಡಿ. ಎದುರಿನವರಿಗೆ ಸ್ಟೀಲ್ ಲೋಟದಲ್ಲಿ ಜೂಸು ಕೊಟ್ಟು ತಾನು ಮಾತ್ರ ಚಂದದ ಗ್ಲಾಸು ಹಿಡಿಯುವುದು ಒಳ್ಳೆಯ ಸಂಜೆಯ ಲಕ್ಷಣವಲ್ಲ.

ಕಲಕುವ ಜಾತಿಯಲ್ಲಿ ಓಲ್ಡ್ ಫ್ಯಾಷನ್ಡ್ ಒಂದಿದ್ದರೆ ಆಯಿತು. 1806ರಲ್ಲಿ ಅಮೆರಿಕದ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು, ಬಿಟರ್ಸ್ (ಗಿಡಮೂಲಿಕೆಗಳ ಕಹಿ ಸಾರ) ಎಂದು ವಿವರಿಸಿತ್ತು. ಇದು ಇಂದಿಗೂ ಅಷ್ಟೇ. ವಿಸ್ಕಿ 60 ಮಿ.ಲೀ., ಬೆಲ್ಲದ ಪಾಕ 5 ಮಿ.ಲೀ., ಅಂಗೊಸ್ಟುರಾ ಬಿಟರ್ಸ್ ಎರಡು ಚಿಮುಕು. ಐಸ್ ತುಂಬಿದ ಲೋಟದಲ್ಲಿ ಉದ್ದ ಚಮಚದಿಂದ 30 ಸೆಕೆಂಡು ಕಲಕಿ, ದೊಡ್ಡ ಐಸ್ ತುಂಡಿನ ಮೇಲೆ ಸೋಸಿ. ಹುಳಿ, ಹಣ್ಣು ಇಲ್ಲದ್ದನ್ನು ಕುಲುಕಬಾರದು, ಗಾಳಿ ಸೇರಿ ಮಬ್ಬಾಗುತ್ತದೆ. ನಮ್ಮ ಸಾಮಾನ್ಯ ಬ್ಲೆಂಡೆಡ್ ವಿಸ್ಕಿಗಳಲ್ಲಿ ಬಹಳಷ್ಟು ಕಾಕಂಬಿ ಸ್ಪಿರಿಟ್‌ಗೆ ಮಾಲ್ಟ್ ಬೆರೆಸಿದವು, ಮೊದಲೇ ತುಸು ಸಿಹಿ. ಅವಕ್ಕೆ ಪಾಕ 3 ಮಿ.ಲೀ. ಸಾಕು. ಬಿಟರ್ಸ್ ದುಬಾರಿ ಎನಿಸಿದರೂ 200 ಮಿ.ಲೀ. ಬಾಟಲಿ ನೂರು ಗ್ಲಾಸು ದಾಟುತ್ತದೆ. ಕಿತ್ತಳೆ ಸಿಪ್ಪೆಯನ್ನು ರೂಪಾಯಿ ನಾಣ್ಯದಷ್ಟು ಕತ್ತರಿಸಿ, ಬಣ್ಣದ ಮೈ ಗ್ಲಾಸಿನ ಕಡೆಗಿರುವಂತೆ ಮಡಿಚಿ ಹಿಂಡಿದರೆ ಸಣ್ಣ ತುಂತುರು ಕಾಣುತ್ತದೆ. ಇದರ ಜತೆ ಧಾರವಾಡ ಪೇಡೆ ಅರ್ಧ ಕಚ್ಚಿ ನೋಡಿ. ಪೇಡೆಯನ್ನು ಶೇಕರ್‌ಗೇ ಹಾಕುವ ಉಮೇದು ಮಾತ್ರ ಬೇಡ, ಖೋವಾದ ಜಿಡ್ಡು ಮೇಲೆ ತೇಲುತ್ತದೆ.

ಜಿನ್‌ಗೆ ಶಿರಸಿ ಕಡೆಯ ಮುರುಗಲ (ಕೋಕಂ) ಸಿಪ್ಪೆ. 50 ಗ್ರಾಂ ಸಿಪ್ಪೆ 300 ಮಿ.ಲೀ. ಬಿಸಿನೀರಲ್ಲಿ ಎರಡು ಗಂಟೆ ನೆನೆಸಿ, ಹಿಸುಕಿ ಸೋಸಿ, 200 ಗ್ರಾಂ ಸಕ್ಕರೆ ಕರಗಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಉಪ್ಪು ಹಚ್ಚಿ ಒಣಗಿಸಿದ ಸಿಪ್ಪೆಯಾದರೆ ಎರಡು ನೀರಲ್ಲಿ ತೊಳೆಯಿರಿ. ಜಿನ್ 45, ಈ ಪಾಕ 30, ಚೆನ್ನಾಗಿ ತಣಿದ ಸೋಡಾ 90 ಮಿ.ಲೀ.

ತಿನ್ನಲಿಕ್ಕೆ ಗಿರ್ಮಿಟ್ ಮತ್ತು ಮಿರ್ಚಿ ಸಹಜವಾಗಿ ನೆನಪಾಗುತ್ತವೆ. ರಮ್ ಜತೆ ಗಿರ್ಮಿಟ್ ಸರಿ. ಪೇರಲ–ಬ್ಯಾಡಗಿ ಜತೆ ಮಿರ್ಚಿ ಭಜಿ ಇಡಬೇಡಿ. ಆಲ್ಕೊಹಾಲ್ ಬಾಯಿಯ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ, ಎರಡು ಗುಟುಕಿಗೆ ಕಣ್ಣಲ್ಲಿ ನೀರು. ಹುರಿದ ಶೇಂಗಾ, ಸೌತೆಕಾಯಿ ಸಾಕು. ಸಂಜೆಯ ಅನುಕ್ರಮದಲ್ಲಿ ಹುಳಿ, ಹಣ್ಣಿನದು ಊಟಕ್ಕೆ ಮುಂಚೆ, ವಿಸ್ಕಿಯದು ಊಟದ ನಂತರ. ಜತೆಗೊಂದು ತಂಬಿಗೆ ನೀರು ಮೇಜಿನ ಮೇಲೇ ಇರಲಿ. ಗೆಳೆಯರು ಗಾಡಿ ತಂದಿದ್ದರೆ ಕೀಲಿ ಮೊದಲೇ ಇಸಿದುಕೊಳ್ಳಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಇಂಥ ಒಂದೇ ಗ್ಲಾಸಿಗೂ ಅದು ದಾಟಬಹುದು.

ಶೇಕರ್ ಅಂದೇ ರಾತ್ರಿ ತೊಳೆದಿಡಿ. ಬೆಲ್ಲ ಒಣಗಿದರೆ ಮುಚ್ಚಳ ಅಂಟಿ ಕೂರುತ್ತದೆ. ಬಡಿದರೆ ಸ್ಟೀಲ್ ನೆಗ್ಗಿ ಮುಂದೆ ಸೋರುತ್ತದೆ, ಬಿಸಿನೀರಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟರೆ ತಾನೇ ಬಿಡುತ್ತದೆ.