ಇಷ್ಟಲಿಂಗ ಪೂಜೆ: ಕರಡಿಗೆ ಬಿಚ್ಚಿದ ಮೇಲೆ ಏನು ಮಾಡಬೇಕು?

ದಾವಣಗೆರೆ, ಚಿತ್ರದುರ್ಗದ ಕಡೆ ಎಷ್ಟೋ ಲಿಂಗಾಯತ ಮನೆಗಳಲ್ಲಿ ಮಗುವಿಗೆ ತೊಟ್ಟಿಲಲ್ಲೇ ಇಷ್ಟಲಿಂಗ, ಅಂದರೆ ಮೈಮೇಲೆ ಧರಿಸುವ ಪುಟ್ಟ ಲಿಂಗ, ಕಟ್ಟುತ್ತಾರೆ. ದೊಡ್ಡವರಾದ ಮೇಲೆ ಲಿಂಗವಿಡುವ ಪುಟ್ಟ ಡಬ್ಬಿ, ಅಂದರೆ ಕರಡಿಗೆ, ಕೊರಳಲ್ಲೇ ಇರುತ್ತದೆ, ಪೂಜೆ ಮಾತ್ರ ತಪ್ಪಿಹೋಗಿರುತ್ತದೆ. ಮತ್ತೆ ಶುರು ಮಾಡಲು ದೊಡ್ಡ ತಯಾರಿ ಏನೂ ಬೇಡ. ಲಿಂಗ ಕಳೆದುಹೋಗಿದ್ದರೆ ಮಾತ್ರ ಅಂಗಡಿಯಿಂದ ತಂದು ಸುಮ್ನೆ ಕಟ್ಟಿಕೊಳ್ಳಬೇಡಿ. ಗುರುಗಳ ಕೈಯಿಂದಲೇ ಪಡೆಯಿರಿ.

ಸ್ನಾನ ಮಾಡಿ, ಒಂದು ದೀಪ ಹಚ್ಚಿ ಕೂತುಕೊಳ್ಳಿ. ಮೊದಲು ನಿಮ್ಮ ಹಣೆಗೆ ಮೂರು ಬೆರಳಲ್ಲಿ ವಿಭೂತಿ. ನಮ್ಮಜ್ಜಿ ಬಾದಾಮಿ ಹತ್ತಿರದ ಶಿವಯೋಗಮಂದಿರದ ವಿಭೂತಿ ಗಟ್ಟಿಯನ್ನೇ ತರಿಸುತ್ತಿದ್ದಳು. ಆಮೇಲೆ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳಿ. ಕೆಳಗೊಂದು ಬಟ್ಟಲಿಟ್ಟು, ತಣ್ಣೀರನ್ನು ನಿಧಾನ ಎರೆಯಿರಿ. ಸೋಪು, ಬಿಸಿನೀರು ಬೇಡ. ಲಿಂಗದ ಮೇಲಿನ ಕಪ್ಪು ಲೇಪವಾದ ಕಂತಿಯನ್ನು ತಿಕ್ಕಲೂಬೇಡಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ವಿಭೂತಿ ಹಚ್ಚಿ, ಒಂದು ಬಿಲ್ವಪತ್ರೆಯನ್ನೋ ಹೂವನ್ನೋ ಏರಿಸಿ. ಸಿಗದಿದ್ದರೆ ನೀರು, ವಿಭೂತಿ ಇಷ್ಟೇ ಸಾಕು. ಹಾಸ್ಟೆಲಿನಲ್ಲಿ ಇರುವವರಿಗೂ ಇದು ಕಷ್ಟವಲ್ಲ, ಅಲ್ವಾ?

ಈಗ ಪೂಜೆಯ ಜೀವಾಳ. ಪತ್ರೆ ತೆಗೆದು, ಅಂಗೈಯನ್ನು ಎದೆಯ ಮಟ್ಟಕ್ಕೆ ತನ್ನಿ, ಬಲಗೈಯನ್ನು ಅದರ ಕೆಳಗೆ ಆಸರೆಯಾಗಿ ಇಡಿ. ದೀಪ ಸ್ವಲ್ಪ ಪಕ್ಕಕ್ಕಿದ್ದರೆ, ನುಣುಪಾದ ಕಪ್ಪು ಮೈಮೇಲೆ ಸಾಸಿವೆ ಕಾಳಿನಷ್ಟು ಬೆಳಕು ಕಾಣುತ್ತದೆ. ನೋಟ ಅಲ್ಲೇ ನಿಲ್ಲಲಿ. ಮನಸ್ಸಿನಲ್ಲಿ 'ಓಂ ನಮಃ ಶಿವಾಯ' ನಡೆಯಲಿ. ಮೊದಮೊದಲು ಕಣ್ಣಲ್ಲಿ ನೀರು ಬರುತ್ತದೆ, ಮನಸ್ಸು ಬಸ್ಸು, ಆಫೀಸು ಅಂತ ಓಡುತ್ತದೆ. ಕಣ್ಣು ಮುಚ್ಚಿ, ತೆರೆದು, ಮತ್ತೆ ಆ ಚುಕ್ಕಿಗೇ ಬನ್ನಿ. ಐದು ನಿಮಿಷದಿಂದ ಶುರುಮಾಡಿ. ಹೂವು, ಧೂಪ ಜಾಸ್ತಿ ಮಾಡಿ ಇದನ್ನು ಮೊಟಕು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಹೆಣ್ಣುಮಕ್ಕಳು 'ಆ ದಿನಗಳಲ್ಲಿ' ಪೂಜೆ ಬಿಡಬೇಕೇ ಎಂದು ಕೇಳುತ್ತಾರೆ. ಬಿಡಬೇಕಿಲ್ಲ. 12ನೇ ಶತಮಾನದ ಶರಣರು ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದರು. ಮುಟ್ಟಿಗೂ ಅದೇ ಮಾತು, ಹುಟ್ಟು ಸಾವಿಗೂ ಅದೇ.

ಕೊನೆಗೆ ಬಟ್ಟಲಿನ ಲಿಂಗೋದಕವನ್ನು ಸ್ವಲ್ಪ ತೆಗೆದುಕೊಳ್ಳಿ. ಲಿಂಗವನ್ನು ಕಣ್ಣಿಗೊತ್ತಿಕೊಂಡು, ಪೂರ್ತಿ ಒಣಗಿದ ಮೇಲೆ ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಇಡಿ. ನಮ್ಮ ಕಡೆಯ ಬೇಸಿಗೆಯ ಬೆವರಿಗೆ ಕರಡಿಗೆ ಕಟ್ಟುವ ಶಿವದಾರ ಬೇಗ ಸವೆಯುತ್ತದೆ. ಕಟ್ಟಿಕೊಳ್ಳುವ ಮುಂಚೆ ಗಂಟನ್ನೊಮ್ಮೆ ಎಳೆದು ನೋಡಿ.