ದುಡ್ಡು ಕೊಡುವ ಮುಂಚೆ ವೀಸಾ ಓದಿ

ಕೋಲಾರದ ಕಡೆಯಿಂದ ಗಲ್ಫ್‌ಗೆ ಡ್ರೈವರ್, ಅಡುಗೆ ಕೆಲಸಕ್ಕೆ ಹೊರಟಿರುವವರು ದಯವಿಟ್ಟು ಓದಿ. ಹೋದ ತಿಂಗಳು ನಮ್ಮ ಮುಳಬಾಗಿಲಿನ ಹುಡುಗನೊಬ್ಬ "ವೀಸಾ ಬಂತು ಅಣ್ಣ" ಅಂತ ಮೊಬೈಲ್ ತೋರಿಸಿದ. ದೊಡ್ಡದು ಮಾಡಿ ನೋಡಿದರೆ ಟೂರಿಸ್ಟ್ ಅಂತ ಇತ್ತು. ಅಲ್ಲಿಗೆ ಹೋದಮೇಲೆ ಬದಲಾಯಿಸ್ತೀವಿ ಅಂದಿದ್ದನಂತೆ ಏಜೆಂಟ್. ಅವರಮ್ಮ ಎರಡು ಹಸು ಮಾರಿ ದುಡ್ಡು ಹೊಂದಿಸಿದ್ದರು, ಕೇಳಿ ಹೊಟ್ಟೆ ಉರಿಯಿತು. ಟೂರಿಸ್ಟ್ ವೀಸಾದಲ್ಲಿ ದುಡಿದರೆ ತಪ್ಪು ನಿಮ್ಮ ಮೇಲೇ ಬರುತ್ತದೆ, ಸಂಬಳ ಕೊಡದಿದ್ದರೂ ದೂರು ಕೊಡೋಕೆ ಹೆದರಬೇಕು.

ಏಜೆಂಟ್ ಹತ್ತಿರ ಲೈಸೆನ್ಸ್ ನಂಬರ್ ಕೇಳಿ, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೀವೇ ಹುಡುಕಿ ನೋಡಿ. ಅವರು ತಗೋಬಹುದಾದ ಸರ್ವಿಸ್ ಚಾರ್ಜ್ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

ಓದಿದ ಮಕ್ಕಳಿಗೆ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ, ಲಕ್ಷ ಸಂಬಳ ಅಂತ ಮೆಸೇಜ್ ಬರುತ್ತದಲ್ವಾ, ಹೀಗೇ ಕರೆದು ಮ್ಯಾನ್ಮಾರ್, ಕಾಂಬೋಡಿಯಾದಲ್ಲಿ ಕೂಡಿಹಾಕಿ ಸೈಬರ್ ಮೋಸ ಮಾಡಿಸಿದ್ದಾರೆ.

ಪಾಸ್‌ಪೋರ್ಟ್, ವೀಸಾ, ಅಗ್ರಿಮೆಂಟ್ ಮೂರರ ಜೆರಾಕ್ಸೂ ಮನೆಯಲ್ಲಿ ಇಟ್ಟು ಹೋಗಿ. ಅನುಮಾನ ಬಂದರೆ ಸುಮ್ನೆ ಇರಬೇಡಿ, 1800-11-3090ಕ್ಕೆ ಫೋನ್ ಮಾಡಿ, ಅದು ವಿದೇಶಾಂಗ ಇಲಾಖೆಯ ಉಚಿತ ಸಹಾಯವಾಣಿ.